ಕೆಲಸಕ್ಕೆ ಬಾರದ ಸದ್ದು

"ಇದಕ್ಕೆ ಏನೂ ಆಗಿಲ್ಲ ಮೇಡಂ," ಎಂದು ರಿಪೇರಿಯವನು ಈ ಸಲವೂ ಹೇಳಿ, ಸಮುದ್ರಕ್ಕೆ ಇಳಿಬಿಡುವ ಮೈಕನ್ನು ಮೇಜಿನ ಮೇಲಿಟ್ಟ. "ಗುಂಡುಕಲ್ಲಿನ ಹಾಗಿದೆ. ಬೇಜಾರು ಮಾಡ್ಕೋಬೇಡಿ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು ನಿಮ್ಮ ಕಥೆ."

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಸಂಶೋಧನಾ ಸಂಸ್ಥೆಯಲ್ಲಿ ಅವಳಿಗೆ 'ಕದ್ದು ಕೇಳುವ ಡಾಕ್ಟರು' ಎಂದೇ ಹೆಸರು. ಹವಳದ ದಿಬ್ಬದ ಸದ್ದು ಕೇಳುವುದೇ ಅವಳ ಉದ್ಯೋಗ. ಜೀವ ಇರುವ ದಿಬ್ಬ ಬಾಯಿ ಮುಚ್ಚಿಕೊಂಡಿರುವುದಿಲ್ಲ. ಬೆರಳುದ್ದವೂ ಇಲ್ಲದ ಸೀಗಡಿಗಳು ಸಾವಿರಗಟ್ಟಲೆ ಸೇರಿ ಇಕ್ಕಳದಂಥ ಕೈ ಚಿಟಕಿಸುತ್ತಿದ್ದರೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಒಂದೇ ಸಮನೆ ಚಟಪಟ. ಅಂಥ ದಿಬ್ಬ ಕೆಲವು ತಿಂಗಳಿಂದ ಮೌನವಾಗಿತ್ತು. ಎರಡು ಬೇಸಿಗೆ ನೀರು ಕಾದು ಹವಳ ಬಿಳುಚಿದ್ದು ನಿಜ. ಆದರೆ ಬಿಳುಚಿದ ಹವಳ ಚೇತರಿಸಿಕೊಳ್ಳುವುದೂ ಉಂಟಲ್ಲ! ಹಾಗಂದುಕೊಂಡೇ ಅವಳು ಪ್ರತಿ ಸಲ ಮೈಕಿನ ಮೇಲೆ ಗೂಬೆ ಕೂರಿಸಿ ರಿಪೇರಿಗೆ ಕಳಿಸುತ್ತಿದ್ದಳು. ತನ್ನ ಉಪಕರಣ ಕೆಟ್ಟಿರಲಿ ಎಂದು ಇಷ್ಟು ಆಸೆಪಟ್ಟ ವಿಜ್ಞಾನಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಮೈಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಅಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕಾಯುತ್ತಾ ಕೂತಿದ್ದಳು. ಕಣ್ಣು ಹೋದ ಮೇಲೆ ಅಮ್ಮನ ಪಾಲಿಗೆ ಸಮುದ್ರವೆಂದರೆ ತಿಂಗಳಿಗೊಮ್ಮೆ ಮಗಳು ಕೇಳಿಸುವ ಆ ಚಟಪಟವೇ. ಅದಕ್ಕವಳು 'ನಿಮ್ಮಪ್ಪನ ಒಲೆ' ಎನ್ನುತ್ತಿದ್ದಳು. ಅಪ್ಪ ಸಂಸ್ಥೆಯ ದೋಣಿ ನಡೆಸುತ್ತಿದ್ದವನು. ದಿಬ್ಬದ ಮೇಲೆ ದೋಣಿ ನಿಲ್ಲಿಸಿ ಮೈಕು ಇಳಿಸುತ್ತಿದ್ದವನೂ ಅವನೇ. ಹೋದ ವರ್ಷ ತೀರಿಕೊಂಡ.

"ಬಂದ್ಯಾ? ಮಿಷನ್ ಕೆಟ್ಟಿದೆ, ಮಿಷನ್ ಕೆಟ್ಟಿದೆ ಅಂತ ಎಷ್ಟು ದಿನದಿಂದ ಸತಾಯಿಸ್ತಿದೀಯ. ಇವತ್ತಾದ್ರೂ ಒಲೆ ಹಚ್ಚು."

"ರಿಪೇರಿ ಆಯ್ತಮ್ಮ," ಎಂದಳು. ಸುಳ್ಳು ತಾನಾಗಿಯೇ ಬಾಯಿಗೆ ಬಂತು. ಕಂಪ್ಯೂಟರಿನಲ್ಲಿ ಹಳೆಯ ರೆಕಾರ್ಡಿಂಗೊಂದನ್ನು ಹುಡುಕಿ ಹಾಕಿದಳು. ಅವಸರವೇ ಅಪಾಯಕ್ಕೆ ಕಾರಣ ಅನ್ನುವುದು ಸುಮ್ಮನಲ್ಲ. ಸ್ಪೀಕರಿನಿಂದ ಮೊದಲು ಬಂದದ್ದು ಸೀಗಡಿಯ ಸದ್ದಲ್ಲ. ಮೈಕಿನ ಮೇಲೆ ಬೆರಳ ಗಿಣ್ಣು ತಟ್ಟುವ ಟಕ್, ಟಕ್, ಟಕ್. ಒಂದು ಕೆಮ್ಮು. ಆಮೇಲೆ ಅಪ್ಪನ ದನಿ: "ಕೇಳಿಸ್ತಾ ಮಗಳೇ? ಇಳಿಸ್ಲಾ?"

ಅದರ ಹಿಂದೆಯೇ ಒಲೆ ಹೊತ್ತಿಕೊಂಡಿತು. ಅಡುಗೆಮನೆ ತುಂಬ ಚಟಪಟ ಎನ್ನುತ್ತಿದ್ದರೂ ಇಬ್ಬರ ಕಿವಿಗೂ ಅದು ಬೀಳಲಿಲ್ಲ.

ನೀರಿಗೆ ಇಳಿಸುವ ಮೊದಲು ಹೀಗೆ ತಟ್ಟಿ ನೋಡುವುದು ಅಪ್ಪನ ರೂಢಿ. ಮನೆಗೆ ತರುವ ಮೊದಲು ಆ ಭಾಗವನ್ನು ಕತ್ತರಿಸುವುದು ಮಗಳ ರೂಢಿ. ಇವತ್ತು ಕೈಗೆ ಸಿಕ್ಕಿದ್ದು ಕತ್ತರಿಸದೆ ಉಳಿದದ್ದು.

ಅಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಇಷ್ಟು ದಿನ ಇವರನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದಳು.

"ಬಚ್ಚಿಡ್ಲಿಲ್ಲಮ್ಮ, ಕತ್ತರಿಸ್ತಿದ್ದೆ. ನಮ್ಮ ಲೆಕ್ಕದಲ್ಲಿ ಅದು... ಕೆಲಸಕ್ಕೆ ಬಾರದ ಸದ್ದು."

"ಹಾಗಾದ್ರೆ ಇದು ಹಳೇ ಒಲೆ. ಈ ತಿಂಗಳದ್ದು ಹಾಕು."

"ಬೇಡಮ್ಮ."

"ಹಾಕೇ. ಅವರು ಹೋದ ಸುದ್ದಿ ಕೇಳಿಯೂ ಬದುಕಿರೋಳು ನಾನು."

ಹಾಕಿದಳು. ನೀರಿನ ಗುಂಯ್ ಎನ್ನುವ ಸದ್ದೊಂದು ಬಿಟ್ಟರೆ ಏನೂ ಇಲ್ಲ. ಅಮ್ಮ ಸ್ಪೀಕರಿಗೆ ಒಂದು ಕಿವಿ ಹಚ್ಚಿದಳು, ಆಮೇಲೆ ಇನ್ನೊಂದು. ಅವಳ ಮುಖಕ್ಕೆ ದುಃಖಕ್ಕಿಂತ ಮೊದಲು ಬಂದದ್ದು ಆಸೆ. ಇಷ್ಟು ತಿಂಗಳು ತಾನೇ ಸಾಕಿಕೊಂಡಿದ್ದ ಆಸೆ ಅದು ಎಂದು ಮಗಳಿಗೆ ನೋಡಿದ ಕೂಡಲೇ ತಿಳಿಯಿತು.

"ಇದು ರಿಪೇರಿಗೆ ಮುಂಚಿಂದಲ್ವಾ? ಕೆಟ್ಟ ಮಿಷನ್ನಿಂದು!"

"ಅದು ಕೆಟ್ಟೇ ಇರ್ಲಿಲ್ವಂತೆ ಅಮ್ಮ."

"ಆ ರಿಪೇರಿಯವನು ಸರಿಯಾಗಿ ನೋಡಿಲ್ಲ ಕಣೇ. ಅಷ್ಟು ದೊಡ್ಡ ಸಂಸಾರ ಹೀಗೆ ಸದ್ದಿಲ್ಲದೆ ಹೋಗಿಬಿಡುತ್ತಾ? ಕೊಡು ಇಲ್ಲಿ. ನಿಮ್ಮಪ್ಪ ನೋಡ್ತಿದ್ರಲ್ಲ, ಹಾಗೆ ನೋಡೋಣ."

ಅವಳು ಚೀಲದಿಂದ ಮೈಕು ತೆಗೆದು, ಅದರ ವೈರನ್ನು ಸ್ಪೀಕರಿಗೆ ಸಿಕ್ಕಿಸಿ ಅಮ್ಮನ ಅಂಗೈಯಲ್ಲಿಟ್ಟಳು. ಕೆಟ್ಟಿರಲಪ್ಪಾ ದೇವರೇ ಎಂದು ಮನಸ್ಸಿನಲ್ಲೇ ಕೊನೆಯ ಸಲ ಬೇಡಿಕೊಂಡಳು.

ಅಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಬೆರಳು ಮಡಿಸಿ ಗಿಣ್ಣಿನಿಂದ ತಟ್ಟಿದಳು.

ಟಕ್, ಟಕ್, ಟಕ್.

ಸ್ಪೀಕರಿನಿಂದ ಎಷ್ಟು ಜೋರಾಗಿ ಬಂತೆಂದರೆ ಕಪಾಟಿನ ಲೋಟಗಳು ಅದುರಿದವು. ಅಮ್ಮ ಇನ್ನೊಮ್ಮೆ ತಟ್ಟಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಮುಚ್ಚಿ ಮಡಿಲಿಗೆ ಇಳಿಸಿಕೊಂಡಳು. ಅವಳ ಒಣಗಿದ ಅಂಗೈ ಅದರ ಮೈಮೇಲೆ ಹರಿದಾಡುವ ಸದ್ದು ಕೂಡ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.