ಕಾಲಿನಿಂದ ನೋಡುವ ಕಣ್ಣು

ಹೊತ್ತು ಮುಳುಗಿತೆಂದರೆ ಅಗಳಿ ಊರಿನ ಚಿತ್ತಮ್ಮನಿಗೆ ಕೂತಲ್ಲಿ ಕೂರಲಾಗದು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಮಗಳು ರಮ್ಯಶ್ರೀ ವ್ಯಾನಿನಲ್ಲಿ ಬರಬೇಕು. ಆವತ್ತು ಟಿ.ವಿ.ಯಲ್ಲಿ ಧಾರಾವಾಹಿ ಶುರುವಾದರೂ ವ್ಯಾನಿನ ಸುಳಿವಿಲ್ಲ. ಮಗಳ ಫೋನೂ ಹತ್ತುತ್ತಿಲ್ಲ.

ಪಕ್ಕದ ಮನೆಯ ಬಸಲಿಂಗಮ್ಮ ಕಡಲೆಕಾಯಿ ಸುಲಿಯುತ್ತಾ ಜೊತೆಗೆ ಕೂತಿದ್ದಳು. ಅವಳೂ ಹಿಂದೆ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡಿದವಳು. ಹೊಲಿದ ಅಂಗಿಯನ್ನು ಅಂಚಿನಿಂದ ಕಾಲರಿನವರೆಗೆ ನೋಡಿ ತಪ್ಪು ಹುಡುಕುವ ಕೆಲಸ.

"ನಾಳೆಯಿಂದ ಕಳಿಸಲ್ಲ ಕಣಕ್ಕಾ," ಎಂದಳು ಚಿತ್ತಮ್ಮ. "ಕೆಲಸಕ್ಕೆ ಹೋಗೋ ಹೆಣ್ಣು ಏನೇನು ಆಡ್ತಾಳೆ ಅಂತ ದಿನಾ ನೋಡ್ತಿಲ್ವಾ?"

"ಯಾರ ಮನೆಯಾಗೆ ನೋಡ್ದೆ?"

ಚಿತ್ತಮ್ಮ ಟಿ.ವಿ. ಕಡೆ ಗದ್ದ ಎತ್ತಿ ತೋರಿಸಿದಳು.

ಬಸಲಿಂಗಮ್ಮ ನಕ್ಕು, ರಿಮೋಟ್ ಒತ್ತಿ ಸದ್ದು ತೆಗೆದಳು. "ಈಗ ಬರೀ ಕಣ್ಣಾಗೆ ನೋಡು."

ಧಾರಾವಾಹಿಯಲ್ಲಿ ನಾಯಕಿಯ ಗಂಡ ಮನೆಗೆ ಬಂದ. ಮೊದಲು ಕಂಡಿದ್ದು ಅವನ ದಣಿದ ಮುಖ. ಹಿಂದೆಯೇ ಕೆಲಸಕ್ಕೆ ಹೋಗುವ ಅವನ ತಂಗಿ ಬಂದಳು. ಮೊದಲು ಕಂಡಿದ್ದು ಅವಳ ಚಪ್ಪಲಿ. ಅಲ್ಲಿಂದ ಸೀರೆಯಂಚು, ಸೊಂಟ, ಕುತ್ತಿಗೆ. ಮುಖ ಕೊನೆಗೆ.

"ಇಬ್ರೂ ತಡವಾಗೇ ಬಂದ್ರು. ಅವನ್ನ ಹೆಂಗೆ ತೋರಿಸಿದ್ರು, ಇವಳ್ನ ಹೆಂಗೆ?"

"ಸುಮ್ನಿರಕ್ಕಾ. ಅವಳು ಎಂಥೋಳು ಅಂತ ಗೊತ್ತಾಗ್ಲಿ ಅಂತ ತೋರಿಸ್ತಾರೆ."

"ಅವಳಿನ್ನೂ ಬಾಗಿಲು ದಾಟವ್ಳೆ ಅಷ್ಟೆ. ಬಾಯೇ ಬಿಟ್ಟಿಲ್ಲ. ನಿನಗೆ ಆಗ್ಲೇ ಕೋಪ ಬಂತಲ್ಲ? ಕ್ಯಾಮೆರಾ ಹಿಡಿದೋನು ಕಾಲಿಂದ ನೋಡ್ದ, ನೀನೂ ಕಾಲಿಂದ ನೋಡ್ದೆ. ನಾನು ಅಂಗಿ ಚೆಕಿಂಗ್ ಮಾಡ್ತಿದ್ನಲ್ಲ, ಹಂಗೇ. ತಪ್ಪು ಹುಡುಕಾಕೇ ಕೈಗೆ ತಗೊಂಡ್ರೆ ತಪ್ಪೇ ಕಾಣ್ತದೆ."

ಚಿತ್ತಮ್ಮನಿಗೆ 'ಅಮ್ಮಾ, ನನ್ನೇನು ಚೆಕಿಂಗ್ ಟೇಬಲ್ ಮೇಲೆ ಹಾಕಿದೀಯಾ?' ಎಂದು ಮಗಳು ಮೊನ್ನೆ ಕೇಳಿದ್ದು ನೆನಪಾಯಿತು. ಆವತ್ತು ಅದನ್ನು ಎದುರುತ್ತರ ಎಂದುಕೊಂಡಿದ್ದಳು.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ರಮ್ಯಶ್ರೀ ಬಾಗಿಲಲ್ಲಿ ನಿಂತಳು. ಚಿತ್ತಮ್ಮನ ಕಣ್ಣು ತಾನಾಗಿಯೇ ಕಾಲಿಗೆ ಹೋಯಿತು. ಚಪ್ಪಲಿಯ ಉಂಗುಟ ಕಿತ್ತುಹೋಗಿದೆ, ಸೀರೆಯಂಚೆಲ್ಲ ಮಣ್ಣು. ಆ ಕಣ್ಣನ್ನು ಬಲವಂತವಾಗಿ ಅಲ್ಲಿಂದ ಎತ್ತಿ ಮಗಳ ಮುಖಕ್ಕೆ ತಂದಳು. ಹುಬ್ಬಿನ ಮೇಲೆ ಬಟ್ಟೆಯ ನೂಲು, ಒಣಗಿದ ತುಟಿ. ಕಣ್ಣಲ್ಲಿ ಹೆದರಿಕೆ, ಅದೂ ಅಮ್ಮ ಏನನ್ನುತ್ತಾಳೋ ಎಂಬ ಹೆದರಿಕೆ.

ಕೇಳುವ ಮೊದಲೇ ಮಗಳು ಶುರುಮಾಡಿದಳು: "ಮಡಕಶಿರಾ ದಾಟ್ತಿದ್ದಂಗೆ ವ್ಯಾನ್ ಪಂಕ್ಚರ್ ಆಯ್ತಮ್ಮ. ಎಲ್ರೂ ಇಳಿದು ರಸ್ತೆ ಪಕ್ಕಕ್ಕೆ ತಳ್ಳಿದ್ವಿ. ಫೋನ್‌ನಾಗೆ ಚಾರ್ಜ್ ಇರಲಿಲ್ಲ. ನಾಳೆ..."

ಚಿತ್ತಮ್ಮ ಸೆರಗಿನಿಂದ ಅವಳ ಹುಬ್ಬಿನ ನೂಲು ತೆಗೆದಳು. "ನಾಳೆ ಚಾರ್ಜ್ ಹಾಕ್ಕೊಂಡು ಹೋಗು. ಈಗ ಕೈ ತೊಳಿ, ಮುದ್ದೆ ಆರೋಯ್ತದೆ."

ಅಮ್ಮಂದಿರೇ, ಅಪ್ಪಂದಿರೇ, ಧಾರಾವಾಹಿ ನೋಡಬೇಡಿ ಎನ್ನುತ್ತಿಲ್ಲ. ಒಂದು ಸಲ ಸದ್ದು ತೆಗೆದು ನೋಡಿ. ಗಂಡಸನ್ನು ಎಲ್ಲಿಂದ ತೋರಿಸುತ್ತಾರೆ, ಹೆಂಗಸನ್ನು ಎಲ್ಲಿಂದ ತೋರಿಸುತ್ತಾರೆ ಎಂದು ಮನೆಮಂದಿಯೆಲ್ಲ ಕೂತು ಮಾತಾಡಿ. ಕಾಲಿನಿಂದ ನೋಡುವ ಆ ಕಣ್ಣನ್ನು ಟಿ.ವಿ.ಯಲ್ಲೇ ಬಿಟ್ಟು ಏಳಿ. ದುಡಿದು ಬಂದ ಮಗಳು ಬಾಗಿಲಲ್ಲಿ ನಿಂತಾಗ, ಮೊದಲು ಅವಳ ಮುಖ ನೋಡಿ.