ಸಭಾಂಗಣದ ಸ್ವರ

ಹೆಣದ ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊತ್ತ ಆರು ಜನರೂ ಸಂಗೀತದವರು. ಒಟ್ಟಿಗೆ ತಾಳ ಹಾಕು ಎಂದರೆ ಹಾಕಿಯಾರು, ಒಟ್ಟಿಗೆ ಭಾರ ಎತ್ತು ಎಂದರೆ ಒಬ್ಬೊಬ್ಬರದು ಒಂದೊಂದು ದಾರಿ.

"ಸ್ವಲ್ಪ ಓರೆ ಮಾಡಿ. ನಿಮ್ಮ ಕಡೆ ಅಲ್ಲ ಸಾರ್, ನನ್ನ ಕಡೆ," ಎಂದ ಕಾಲೇಜಿನ ಜವಾನ. "ಮೂವತ್ತೆರಡು ವರ್ಷ ಇದೇ ಬಾಗಿಲಲ್ಲಿ ಓಡಾಡಿದವರು. ಇವತ್ತು ನೋಡಿ ಹೇಗೆ ಹಟ ಮಾಡ್ತಿದ್ದಾರೆ."

"ಅಕ್ಕನಿಗೆ ಒಳಗೆ ಬರೋಕೆ ಮನಸ್ಸಿಲ್ಲ," ಎಂದರು ಸತ್ತವರ ತಂಗಿ.

ಸತ್ತವರನ್ನು ಕಾಲೇಜೆಲ್ಲ ಕಿವಿಯಮ್ಮ ಎನ್ನುತ್ತಿತ್ತು. ಅವರು ಕಲಿಸುತ್ತಿದ್ದುದು ಎರಡೇ: ಹಿಂದೆಂದೂ ಕಾಣದ ಹಾಳೆಯನ್ನು ನೋಡಿದ ಕೂಡಲೇ ಹಾಡುವುದು, ಕಿವಿಗೆ ಬಿದ್ದ ಸ್ವರವನ್ನು ತಪ್ಪಿಲ್ಲದೆ ಬರೆಯುವುದು. ಹುಡುಗರು ಎರಡನೆಯದನ್ನು ಡಿಕ್ಟೇಶನ್ ಎಂದು ಕರೆದು ಬೆವರುತ್ತಿದ್ದರು. ಮುಂದೆ ದೊಡ್ಡ ಹಾಡುಗಾರರಾದವರು ಗುರುಗಳ ಹೆಸರು ಹೇಳುವಾಗ ಈಕೆಯನ್ನು ಮರೆಯುತ್ತಿದ್ದರು. ಈಕೆ ಅದಕ್ಕೆ ಸೊಪ್ಪು ಹಾಕಿದವರೂ ಅಲ್ಲ.

ಪೆಟ್ಟಿಗೆಯನ್ನು ವೇದಿಕೆಗೆ ಹತ್ತಿಸಲಾಗದೆ, ಗ್ಯಾಲರಿಯ ಕೆಳಗೆ ಎರಡು ಬೆಂಚುಗಳ ಮೇಲೆ ಇಳಿಸಿದರು. ಸಭಾಂಗಣ ಆಗಲೇ ತುಂಬಿತ್ತು. ಪ್ರಿನ್ಸಿಪಾಲರು ಸುತ್ತ ನೋಡಿ, "ಮೇಲಿನ ಗ್ಯಾಲರಿನೂ ತೆಗೀರಿ, ಫ್ಯಾನ್ ಹಾಕಿ," ಎಂದರು. ಚಾವಣಿಯಿಂದ ಇಳಿದ ನಾಲ್ಕು ಕಬ್ಬಿಣದ ಸರಳುಗಳು ಹಿಡಿದು ನಿಲ್ಲಿಸಿದ ಗ್ಯಾಲರಿ ಅದು. ನೂರು ಜನ ದಡದಡ ಮೆಟ್ಟಿಲು ಹತ್ತಿದರು. ದೊಡ್ಡ ಫ್ಯಾನ್ ತಿರುಗಿದ ಕೂಡಲೇ ಸರಳುಗಳು ಎಂದಿನಂತೆ ಸಣ್ಣಗೆ ಗುಂಯ್ ಎನ್ನತೊಡಗಿದವು.

ತಂಗಿ ಮೊದಲ ಸಾಲಿಗೆ ಬಂದು ಒಂದು ನೋಟ್ ಪುಸ್ತಕವನ್ನು ಹೊಸ ಮೇಡಂನ ತೊಡೆಯ ಮೇಲೆ ಹಾಕಿದರು. ಹೊಸ ಮೇಡಂ ಕಿವಿಯಮ್ಮನ ಶಿಷ್ಯೆ. ನಾಲ್ಕು ತಿಂಗಳಿಂದ ಅವರ ಕುರ್ಚಿಯಲ್ಲಿ ಕೂರುತ್ತಿದ್ದವಳು.

"ತಗೋ. ನಿನಗೆ ಕೊಡು ಅಂದಿದ್ದಳು. ಕೊಡೋಕೆ ನನಗೆ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ."

"ಇದರಲ್ಲಿ ಏನಿದೆ ಚಿಕ್ಕಮ್ಮ?"

"ನನಗೇನು ತಿಳಿಯುತ್ತೆ, ಬರೀ ಸರಿಗಮ. ಅವಳ ಕೆಲಸ ತೆಗೆದ, ನಿನ್ನ ಸಹಿ ಇದ್ದ ಆ ಕಾಗದ ಮಾತ್ರ ಚೆನ್ನಾಗಿ ತಿಳೀತು."

ಹೊಸ ಮೇಡಂ ಪುಸ್ತಕವನ್ನು ತೆರೆಯಲಿಲ್ಲ. ಮೊದಲ ಪುಟದಲ್ಲೇ ತನ್ನ ಹೆಸರಿದ್ದರೆ ಎಂಬ ಹೆದರಿಕೆ ಅವಳಿಗೆ.

*

ಅವಳು ಕಾಲೇಜು ಸೇರಿದ ಮೊದಲ ದಿನ ಕಿವಿಯಮ್ಮ ಸ್ವರ ಹಿಡಿಯಲು ಬಳಸುವ ಉಕ್ಕಿನ ಶ್ರುತಿಕವೆಯನ್ನು ಮೇಜಿಗೆ ತಟ್ಟಿ, "ಇದು ಸ. ಈಗ ಆ ನೀರಿನ ಪಂಪು ಯಾವ ಸ್ವರದಲ್ಲಿ ಅಳ್ತಿದೆ, ಬರೀರಿ," ಎಂದಿದ್ದರು.

"ಪಂಪ್ ಹಾಡುತ್ತಾ ಮೇಡಂ?" ಎಂದು ಇವಳೇ ಕೇಳಿದ್ದು. ತರಗತಿ ಗೊಳ್ಳೆಂದಿತ್ತು.

"ಹಾಡಲ್ಲ, ಹೇಳುತ್ತೆ. ಇನ್ನೆರಡು ದಿನ ಅಷ್ಟೇ ಅಂತ."

ಮೂರನೆಯ ದಿನ ಹಾಸ್ಟೆಲಿನಲ್ಲಿ ಮುಖ ತೊಳೆಯಲು ನೀರಿರಲಿಲ್ಲ. ಅಂದಿನಿಂದ ಇವಳು ಅವರ ಬೆನ್ನು ಬಿಡಲಿಲ್ಲ. ಇವಳ ಮಂದ ಕಿವಿಯನ್ನು ಅವರು ಸಂಜೆ ಸಂಜೆ ಕೂರಿಸಿಕೊಂಡು ಮೂರು ವರ್ಷ ತಿದ್ದಿದರು. ಬೈದದ್ದಕ್ಕೆ ಲೆಕ್ಕವಿಲ್ಲ.

*

ಪ್ರಿನ್ಸಿಪಾಲರು ಮಾತಾಡುತ್ತಿದ್ದರು. "ಕೊನೆಯವರೆಗೂ ಅವರು ಈ ಕಾಲೇಜಿನ ಕಿವಿಯಾಗಿದ್ದರು."

"ಕಿತ್ತು ಬಿಸಾಕಿದ ಕಿವಿ," ಎಂದರು ತಂಗಿ, ಎರಡು ಸಾಲಿಗೆ ಕೇಳುವಷ್ಟು.

ಪಕ್ಕದಲ್ಲಿ ನಿಂತ ಜವಾನ ಹೊಸ ಮೇಡಂನತ್ತ ಬಗ್ಗಿದ. "ನಿಮಗೆ ಗೊತ್ತಾ ಮೇಡಂ, ಕೆಲಸ ಬಿಡಿಸಿದ ಮೇಲೂ ಪ್ರತಿ ಸೋಮವಾರ ಬರ್ತಿದ್ರು. ಆ ಕಿಟಕಿ ಹೊರಗೆ ನಿಲ್ಲೋರು. ಫ್ಯಾನ್ ಹಾಕಪ್ಪ ಅನ್ನೋರು, ನಾನು ಹಾಕ್ತಿದ್ದೆ. ಏನೋ ಬರ್ಕೊಂಡು ಹೋಗೋರು. ಹೋದ ಸೋಮವಾರ ಬರಲಿಲ್ಲ."

"ನೀನು ಯಾರಿಗೂ ಹೇಳಲಿಲ್ವಾ?"

"ಹೇಳಿದ್ರೆ ನನ್ನ ಕಿವಿನೂ ಪರೀಕ್ಷೆ ಮಾಡ್ತಿರಲಿಲ್ವಾ?"

*

ಗ್ಯಾಲರಿಯ ಎಡ ಮುಂದಿನ ಸರಳಿನ ಸ್ವರ ವಾರ ವಾರಕ್ಕೂ ಇಳಿಯುತ್ತಿದೆ, ತಂತಿ ಸಡಿಲಾದರೆ ಶ್ರುತಿ ಇಳಿದಂತೆಯೇ ಇದು, ದಯವಿಟ್ಟು ನೋಡಿಸಿ. ಹೀಗೆಂದು ಕಿವಿಯಮ್ಮ ಕೆಲಸದಲ್ಲಿದ್ದಾಗಲೇ ಪ್ರಿನ್ಸಿಪಾಲರಿಗೆ ಆರು ಪತ್ರ ಬರೆದಿದ್ದರು. ಬಂದ ಇಂಜಿನಿಯರು ಕೆಳಗಿನಿಂದಲೇ ಕತ್ತೆತ್ತಿ ನೋಡಿ, ಬಣ್ಣ ಚೆನ್ನಾಗಿದೆ ಎಂದು ಹೋದ. ಏಳನೆಯ ಪತ್ರ ಬಂದಾಗ ಪ್ರಿನ್ಸಿಪಾಲರು ಸರಳನ್ನು ಬಿಟ್ಟು ಕಿವಿಯಮ್ಮನ ಕಿವಿಯನ್ನೇ ಪರೀಕ್ಷಿಸುವುದು ಎಂದು ತೀರ್ಮಾನಿಸಿದರು. ಪರೀಕ್ಷಕಿ ಇವಳು, ಅವರದೇ ಶಿಷ್ಯೆ.

ಇದೇ ಸಭಾಂಗಣ, ಇದೇ ಫ್ಯಾನ್. ನಲವತ್ತು ವಿದ್ಯಾರ್ಥಿಗಳು ಶ್ರುತಿಕವೆಯಿಂದ ಸ ಹಿಡಿದು ಹೊಸ ಹಾಳೆಯೊಂದನ್ನು ನೋಡಿ ಹಾಡಿದರು. ತಪ್ಪು ಎಲ್ಲಿ ಎಂದು ಕಿವಿಯಮ್ಮ ಹೇಳಬೇಕು. ಮುಗಿದಾಗ ಕಿವಿಯಮ್ಮ, "ಎಲ್ಲರೂ ಶ್ರುತಿಯಿಂದ ಇಳಿದಿದ್ದೀರಿ," ಎಂದರು. "ಆ ಸರಳಿನ ಜೊತೆ ಸೇರೋಕೆ ಹೋಗಿ ಎಲ್ಲರೂ ಒಟ್ಟಿಗೆ ಜಾರಿದ್ದೀರಿ. ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ."

ಇವಳು ಹಾಳೆ ಹಿಡಿದು ಕೇಳಿದ್ದಳು. ಸ್ವರದಿಂದ ಸ್ವರಕ್ಕೆ ಹೆಜ್ಜೆ ಒಂದೂ ತಪ್ಪಿರಲಿಲ್ಲ.

"ಕವೆ ಇನ್ನೊಂದು ಸಲ ತಟ್ಟಿ ನೋಡೇ," ಎಂದರು ಕಿವಿಯಮ್ಮ.

ಆ ಕಾಲೇಜಿನಲ್ಲಿ ಕವೆ ತಟ್ಟುವುದು ಹಾಡಿಗೆ ಮುಂಚೆ. ಹಾಡಿದ ಮೇಲೆ ತಟ್ಟಿದರೆ ಹಾಡಿದವರಿಗೆ ಅವಮಾನ ಮಾಡಿದಂತೆ. ಅದಕ್ಕಿಂತ ಹೆಚ್ಚಾಗಿ, ತಟ್ಟಿದರೆ ತಪ್ಪು ಬಯಲಾಗಿ ಗುರುಗಳೇ ಎಲ್ಲರ ಮುಂದೆ ಸಣ್ಣವರಾಗುತ್ತಾರೆ ಎಂದು ಇವಳಿಗೆ ಸಂಕಟವಾಯಿತು.

"ಬೇಡ ಬಿಡಿ ಮೇಡಂ," ಎಂದಳು. ಶ್ರವಣಶಕ್ತಿ ಕುಂದಿದೆ ಎಂದು ಬರೆದು ಸಹಿ ಹಾಕಿದಳು. ಮರುವಾರ ಅವರ ಕುರ್ಚಿ ಇವಳದಾಯಿತು.

*

"ನಾನು ಸತ್ತ ದಿನ ಬಾಯಿಪಾಠ ಒಪ್ಪಿಸಬೇಡಿ, ನೋಡಿ ಹಾಡಿ," ಎಂದು ಕಿವಿಯಮ್ಮ ತಮಾಷೆಗೆ ಹೇಳುತ್ತಿದ್ದರಂತೆ. ನಲವತ್ತು ವಿದ್ಯಾರ್ಥಿಗಳು ಹೊಸ ಹಾಳೆ ಹಿಡಿದು ನಿಂತರು. ಹೊಸ ಮೇಡಂ ಕವೆ ತಟ್ಟಿ ಸ ಕೊಟ್ಟಳು. ಹಾಡು ಎದ್ದಿತು, ತಪ್ಪಿಲ್ಲದೆ, ತುಂಬ ಚೆನ್ನಾಗಿ.

ಮೊದಲ ಚರಣ ಮುಗಿದು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಅವಳು ಕವೆಯನ್ನು ಮತ್ತೊಮ್ಮೆ ತಟ್ಟಿ ಕಿವಿಗೆ ಹಿಡಿದಳು. ನಲವತ್ತು ಜನರೂ ಇಳಿದಿದ್ದರು.

ಪುಸ್ತಕ ತೆರೆದಳು. ಅವಳ ಹೆಸರಾಗಲಿ ವರದಿಯ ಮಾತಾಗಲಿ ಎಲ್ಲೂ ಇರಲಿಲ್ಲ. ಪುಟದ ತುಂಬ ತಾರೀಖುಗಳು, ಒಂದೊಂದರ ಮುಂದೆ ಒಂದೊಂದು ಸ್ವರ. ಪ, ಪ, ಮ, ಮ, ಮ. ಹನ್ನೆರಡು ದಿನದ ಹಿಂದೆ ಗ. ಅದರ ಕೆಳಗೆ ನಡುಗುವ ಅಕ್ಷರ: "ಜನ ತುಂಬಿದರೆ ಭಾರಕ್ಕೆ ಸರಳು ಬಿಗಿಯಬೇಕು, ಸ್ವರ ಏರಬೇಕು. ಏರದೆ ಗ ದಲ್ಲೇ ನಿಂತರೆ ಅದು ಭಾರ ಹೊರುತ್ತಿಲ್ಲ. ಎಲ್ಲರನ್ನೂ ಇಳಿಸು. ನಿನ್ನ ಕಿವಿ ತಿದ್ದಿದವಳು ನಾನು, ನಿನಗೆ ಕೇಳಿಸುತ್ತದೆ."

ಅವಳು ತಲೆ ಎತ್ತಿದಳು. ಮೇಲೆ ನೂರು ಜನ. ಸರಳು ಗ ಎನ್ನುತ್ತಿತ್ತು.

"ನಿಲ್ಲಿಸಿ," ಎಂದಳು. ಹಾಡು ಅಲ್ಲಲ್ಲೇ ಕಡಿಯಿತು.

"ಏನಮ್ಮ ಇದು, ಹೆಣದ ಮುಂದೆ," ಎಂದು ಪ್ರಿನ್ಸಿಪಾಲರು ಎದ್ದರು.

"ಮೇಲಿರೋರನ್ನ ಇಳಿಸಬೇಕು ಸಾರ್. ಆ ವರದಿ ತಪ್ಪು. ನಾನೇ ಬರೆದದ್ದು, ನಾನೇ ಹೇಳ್ತಿದ್ದೀನಿ."

"ದುಃಖದಲ್ಲಿ ಏನೇನೋ ಆಡಬೇಡಿ. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ವಾದಕ್ಕೆ ಇಳಿದರೆ ಹೊತ್ತು ಹೋಗುತ್ತದೆ ಎಂದು ಗೊತ್ತಿತ್ತು. ವಿದ್ಯಾರ್ಥಿಗಳ ಕಡೆ ತಿರುಗಿದಳು. "ಹಾಳೆ ತಿರುಗಿಸಿ, ಪೆನ್ಸಿಲ್ ತಗೊಳ್ಳಿ. ಪಕ್ಕದವರದ್ದು ನೋಡಬೇಡಿ." ಕವೆ ತಟ್ಟಿದಳು. "ಇದು ಸ. ಎಡಗಡೆ ಮುಂದಿನ ಸರಳು ಏನು ಹೇಳ್ತಿದೆ? ಬರೀರಿ."

ಹುಚ್ಚು ಹಿಡಿದಿದೆ ಇವಳಿಗೆ ಎಂದು ಮೇಲಿಂದ ಯಾರೋ ಅಂದರು. ನಲವತ್ತು ತಲೆಗಳು ಬಗ್ಗಿದವು, ಎದ್ದವು.

"ತೋರಿಸಿ."

ಪ್ರಿನ್ಸಿಪಾಲರು ಮೊದಲ ಸಾಲು ನೋಡಿದರು, ಎರಡನೆಯದು ನೋಡಿದರು. ಎಲ್ಲದರಲ್ಲೂ ಒಂದೇ ಅಕ್ಷರ, ಗ. ಹೊಸ ಮೇಡಂ ಪುಸ್ತಕದ ಪುಟವನ್ನು ಅವರ ಕಣ್ಣ ಮುಂದೆ ಹಿಡಿದಳು. ಕೆಳಗಿನ ಸಾಲನ್ನು ಅವರು ಎರಡು ಸಲ ಓದಿದರು.

"ಮೇಲಿರುವವರು," ಎಂದರು, ಗ್ಯಾಲರಿಯತ್ತ ತಿರುಗಿ. "ಮೆಲ್ಲಗೆ ಇಳೀರಿ. ಒಬ್ಬೊಬ್ಬರೇ. ಯಾರೂ ಓಡಬೇಡಿ."

ಮೇಲಿನವರು ಇಳಿದರು, ಕೆಳಗಿನವರೂ ಹೊರಟರು. ಚಪ್ಪಲಿ ಕೈಯಲ್ಲಿ ಹಿಡಿದವರು, ಗೊಣಗಿದವರು, ಪೆಟ್ಟಿಗೆಯತ್ತ ನೋಡದೆ ದಾಟಿದವರು. ಕೊನೆಯವನು ಹೊರಗೆ ಬರುವವರೆಗೂ ಹೊಸ ಮೇಡಂ ಬಾಗಿಲಲ್ಲಿ ನಿಂತಿದ್ದಳು. ಅಂಗಳದಲ್ಲಿ ತಂಗಿ ಅವಳ ತೋಳು ಹಿಡಿದರು.

"ಅಕ್ಕ ಒಳಗೇ ಇದ್ದಾಳಲ್ಲೇ."

"ತರೋಣ ಚಿಕ್ಕಮ್ಮ," ಎಂದಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. "ನಾನು ಒಂದು ಸಲ ತಟ್ಟಿ ನೋಡಬೇಕಿತ್ತು."

"ಆಮೇಲೆ ಅಳು. ಈಗ ಅಕ್ಕನ್ನ ತಾ."

ಹೊತ್ತು ತಂದ ಆರು ಜನ ಬಾಗಿಲವರೆಗೆ ಹೋಗಿ ನಿಂತರು. ಹೊಸ್ತಿಲು ದಾಟಲು ಯಾರಿಗೂ ಕಾಲು ಬರಲಿಲ್ಲ. ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು. ಗಡಿಬಿಡಿಯಲ್ಲಿ ಫ್ಯಾನ್ ಆರಿಸಿರಲಿಲ್ಲ. ಖಾಲಿ ಗ್ಯಾಲರಿಯ ಕೆಳಗೆ, ಎರಡು ಬೆಂಚುಗಳ ಮೇಲೆ ಕಿವಿಯಮ್ಮ ಒಬ್ಬರೇ. ತೆರೆದ ಬಾಗಿಲಿನಿಂದ ಆ ಗುಂಯ್ ಸದ್ದು ಅಂಗಳದವರೆಗೂ ಬರುತ್ತಿತ್ತು.

ಆ ಸ್ವರ ಇಳಿಯಿತು.

ಬರೀರಿ ಎಂದು ಯಾರೂ ಹೇಳಲಿಲ್ಲ. ಬಿಸಿಲಿನಲ್ಲಿ ನಿಂತಿದ್ದ ನಲವತ್ತು ವಿದ್ಯಾರ್ಥಿಗಳೂ ತಲೆ ಬಗ್ಗಿಸಿ, ಗ ದ ಪಕ್ಕದಲ್ಲಿ ರಿ ಎಂದು ಬರೆದುಕೊಂಡರು.