ಕೊಡಲಾಗದ ಕಿಡ್ನಿ

ಸಾವಿತ್ರವ್ವನ ಎರಡೂ ಕಿಡ್ನಿ ಕೆಟ್ಟಿವೆ ಎಂದು ಡಾಕ್ಟರ್ ಹೇಳಿದಾಗ ಅವಳ ಗಂಡ ಶಿವಶರಣಪ್ಪ, "ನನ್ನದೊಂದು ತಗೋರಿ" ಅಂದುಬಿಟ್ಟ. ವಿಚಾರ ಮಾಡಿ ಅಂದದ್ದಲ್ಲ. ವಿಜಯಪುರದ ದವಾಖಾನೆಯಲ್ಲಿ ಕುರ್ಚಿಯ ತುದಿಗೆ ಕುಂತಿದ್ದಾಗ ಬಾಯಿಗೆ ತಾನೇ ಬಂದ ಮಾತು.

ಅದು ಅವಳ ತವರಿನ ಬೇನೆ. ಕಿಡ್ನಿಯಲ್ಲಿ ನೀರಿನ ಗುಳ್ಳೆಗಳು ಬೆಳೆಯುತ್ತ ಹೋಗಿ ಅವಳ ತಾಯಿಯೂ ಸತ್ತಿದ್ದಳು. ತಮ್ಮನಿಗೂ ಅದೇ ಶುರುವಾಗಿತ್ತು. ಮಗಳು ಸೋನಾಲಿಯನ್ನು ಕೇಳಲು ಗಂಡ ಹೆಂಡತಿ ಇಬ್ಬರಿಗೂ ಮನಸ್ಸು ಬರಲಿಲ್ಲ. ಉಳಿದವನು ಶಿವಶರಣಪ್ಪ ಒಬ್ಬನೇ. ರಕ್ತದ ಗುಂಪೂ ಕೂಡಿತು.

ಉಮದಿಯ ಪೇಟೆಯಲ್ಲಿ ಅವನದು ಅರಿವೆ ಅಂಗಡಿ. ಪ್ರಾಯದಲ್ಲಿ ಗಾದಿಯ ಮೇಲೆ ಕುಂತವನು ಕುಂತೇ ಐವತ್ತು ದಾಟಿದ್ದ. ಗಿರಾಕಿ ಬಂದರೆ ಕುಂತಲ್ಲಿಂದಲೇ ಕೈಚಾಚಿ ಸೀರೆ ಎಳೆದು ಹಾಸುತ್ತಿದ್ದ. ಊಟದ ಡಬ್ಬಿ ಅಲ್ಲಿಗೇ ಬರುತ್ತಿತ್ತು. ಮನೆ ಕೂಗಳತೆಯಲ್ಲಿದ್ದರೂ ಮೋಟರ್‌ಸೈಕಲ್ ಹತ್ತದೆ ಹೋದವನಲ್ಲ. ಜ್ವರ ನೆಗಡಿ ಎಂದು ಎಂದೂ ಮಲಗಿರಲಿಲ್ಲವಾದ್ದರಿಂದ ತಾನು ಗಟ್ಟಿ ಮನುಷ್ಯ ಎಂದೇ ತಿಳಿದಿದ್ದ.

ತಪಾಸಣೆಯಾದ ಮೇಲೆ ಡಾಕ್ಟರ್ ಕನ್ನಡಕ ತೆಗೆದಿಟ್ಟು ಹೇಳಿದರು: "ನಿಮ್ಮ ಬಿಪಿ ಭಾಳ ಏರೈತ್ರಿ. ಮೂತ್ರದಾಗ ಪ್ರೋಟೀನ್ ಸೋರಾಕತ್ತೈತಿ. ತೂಕನೂ ಹೆಚ್ಚೈತಿ."

"ನನಗ ಏನೂ ತ್ರಾಸ ಇಲ್ಲಲ್ರಿ?"

"ಕಿಡ್ನಿ ಕೆಡೂ ಮುಂದ ಸಪ್ಪಳ ಮಾಡೂದಿಲ್ರಿ. ಕುಂತು ಕುಂತು ಬೊಜ್ಜು ಬರತೈತಿ, ಬಿಪಿ ಏರತೈತಿ, ಅದರ ಭಾರ ಕಡೀಕ ಕಿಡ್ನಿ ಮ್ಯಾಲೇ ಬೀಳತೈತಿ. ಈಗ ನಿಮ್ಮದು ತಗೊಳ್ಳಾಕ ಬರೂದಿಲ್ಲ. ದಿನಾ ನಡೀರಿ. ಉಪ್ಪು ಕಡಿಮಿ ಮಾಡ್ರಿ, ಗುಳಿಗಿ ತಗೋರಿ. ಆರು ತಿಂಗಳಾಗಲಿ, ನೋಡೂಣು. ಆದ್ರ ಆಗೇ ಆಗತೈತಿ ಅಂತ ನಾ ಮಾತು ಕೊಡೂದಿಲ್ಲ."

ಆ ಕಡೆಯ ಮಾತು ಅವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಮರುದಿನ ನಸುಕಿನಲ್ಲೇ ಸಂಖ ಊರಿಗೆ ಹೋಗುವ ರಸ್ತೆ ಹಿಡಿದ. ಊರು ದಾಟುವುದರೊಳಗೆ ಏದುಸಿರು ಬಂತು. ಮೀನಖಂಡ ಹಿಡಿದುಕೊಂಡವು. ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಗಾಡಿಯವನೊಬ್ಬ ನಿಲ್ಲಿಸಿದ. "ಯಾಕ್ರಿ ಸಾವಕಾರ್ರ, ಗಾಡಿ ಪಂಕ್ಚರ್ ಆತೇನು? ಬರ್ರಿ, ಹತ್ರಿ." ನಡೆಯಲೆಂದೇ ನಡೆಯುತ್ತಿದ್ದೇನೆ ಎನ್ನಲು ಶಿವಶರಣಪ್ಪನಿಗೆ ನಾಚಿಕೆಯಾಯಿತು. ಹತ್ತಿ ಕುಂತ. ಆ ವಾರವೆಲ್ಲ ಹೀಗೇ ಒಬ್ಬರಿಲ್ಲೊಬ್ಬರು ನಿಲ್ಲಿಸುವುದು, ಇವನು ಹತ್ತುವುದು.

ಕಡೆಗೆ ಅವನ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಷೀನು ಹಾಕಿಕೊಂಡಿದ್ದ ಅಲ್ಲಾಭಕ್ಷನೇ ಕೇಳಿದ: "ಏನ್ ನಡಸೀರಿ ಸಾವಕಾರ್ರ? ಹೊಂಟಾಗ ಕಾಲಾಗ, ಬರೂದು ಗಾಡಿ ಮ್ಯಾಲ."

"ಆಕಿಗೆ ಕಿಡ್ನಿ ಕೊಡಬೇಕಾಗೈತೋ. ನನ್ನ ಬಿಪಿ ಇಳಿದ ಹೊರತು ತಗೋಳೂದಿಲ್ಲಂತ."

ಅಲ್ಲಾಭಕ್ಷನ ಕಾಲು ಪೆಡಲ್ ಮೇಲೆಯೇ ನಿಂತಿತು. "ಹಂಗಂತ ಎಲ್ಲಾರಿಗೂ ಹೇಳೇಬಿಡ್ರಿ. ಯಾರೂ ಗಾಡಿ ನಿಲ್ಸೂದಿಲ್ಲ" ಅಂದ.

ಹಾಗೇ ಆಯಿತು. ಸುದ್ದಿ ಹಬ್ಬಿದ ಮೇಲೆ ಜನ ಗಾಡಿಯ ವೇಗ ತಗ್ಗಿಸಿ, ಕೈ ಎತ್ತಿ ಮುಂದೆ ಹೋಗುತ್ತಿದ್ದರು.

ವಾರಕ್ಕೆ ಎರಡು ದಿನ ಡಯಾಲಿಸಿಸ್. ಅವಳನ್ನು ಬಸ್ಸಿಗೆ ಹತ್ತಿಸಿ, ವಿಜಯಪುರದಲ್ಲಿ ಇಳಿಸಿ, ಮಷೀನಿನ ಪಕ್ಕ ಕುಂತು, ಹೊತ್ತು ಮುಳುಗುವಾಗ ಸೋತ ಅವಳನ್ನು ತಬ್ಬಿ ಹಿಡಿದು ಮನೆಗೆ ತರುತ್ತಿದ್ದ. ಮರುದಿನ ಅವನ ಮೈಯೆಲ್ಲ ಸೀಸದಂತೆ ಭಾರ. ಆದರೂ ನಸುಕಿಗೆ ಎದ್ದು ನಡೆಯುತ್ತಿದ್ದ. ಉಪ್ಪಿಲ್ಲದ ಪಲ್ಯೆಯ ಜೋಡಿ ರೊಟ್ಟಿ ಅಗಿಯುವಾಗ ಸಾವಿತ್ರವ್ವ, "ನನ್ನ ಸಲುವಾಗಿ ನೀವ್ಯಾಕ ಸಪ್ಪಂದು ತಿಂತೀರಿ" ಅನ್ನುತ್ತಿದ್ದಳು. ಅಂಗಡಿಯಲ್ಲೂ ಅವನು ಈಗ ಎದ್ದು ನಿಂತೇ ಸೀರೆ ತೋರಿಸುತ್ತಿದ್ದ. ಪ್ಯಾಂಟು ಸಡಿಲಾಯಿತು. ಅಲ್ಲಾಭಕ್ಷ ಎರಡು ಸಲ ಸೊಂಟ ಬಿಗಿ ಮಾಡಿಕೊಟ್ಟ.

ಆರು ತಿಂಗಳು ಕಳೆದು ಮತ್ತೆ ಅದೇ ಕುರ್ಚಿ. ಬಿಪಿ ಹಿಡಿತಕ್ಕೆ ಬಂದಿತ್ತು, ತೂಕ ಇಳಿದಿತ್ತು. ಡಾಕ್ಟರ್ ಶಭಾಶ್ ಅಂದರು. ಆಮೇಲೆ ತಲೆ ಅಲ್ಲಾಡಿಸಿದರು. "ಪ್ರೋಟೀನ್ ಸೋರೂದು ಕಡಿಮಿ ಆಗೈತಿ, ನಿಂತಿಲ್ರಿ. ಒಂದು ತಗದ್ರ ಉಳಿದದ್ದು ನಿಮ್ಮನ್ನ ಕಡೀತನಕ ಸಾಕೂದಿಲ್ಲ. ನಾ ತಗೋಳೂದಿಲ್ಲ. ಅವರ ಹೆಸರು ಬ್ಯಾರೆಯವ್ರ ಕಿಡ್ನಿಗೆ ಕಾಯೂವ್ರ ಪಾಳಿಗೆ ಹಚ್ಚೂಣು."

"ಹಂಗಾದ್ರ ನಾ ನಡದದ್ದು ಯಾತಕ್ರಿ?"

"ಹಂಗೇ ಕುಂತಿದ್ರ ಒಂದಿನ ನೀವೂ ಆ ಮಷೀನಿಗೆ ಬರೂ ಸಂಭವ ಇತ್ತು. ಅದನ್ನ ದೂರ ಮಾಡೀರಿ. ಬಿಡಬ್ಯಾಡ್ರಿ."

ಅವನಿಗೆ ಅದು ಸಮಾಧಾನ ಅನಿಸಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕುಂತ. ಸಾವಿತ್ರವ್ವ ಅತ್ತುಬಿಡಬಹುದಿತ್ತು. ಅದಕ್ಕೂ ತ್ರಾಣ ಇರಲಿಲ್ಲ.

ಮರುದಿನ ಅವನು ನಡೆಯಲು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮೋಟರ್‌ಸೈಕಲ್ ಹೊರಬಂತು. ಗಾದಿಯ ಮೇಲೆ ಲೋಡುದಿಂಬಿಗೆ ಒರಗಿ ಸುಮ್ಮನೆ ಬೀದಿ ನೋಡುತ್ತ ಕುಂತ. ಅಲ್ಲಾಭಕ್ಷ ಏನಾದರೂ ಕೇಳಿದರೆ ಹೂಂ ಅನ್ನುತ್ತಿದ್ದ. ಹತ್ತು ಹದಿನೈದು ದಿನ ಹೀಗೇ ಹೋದವು.

ಒಂದು ಮುಂಜಾನೆ ಸಾವಿತ್ರವ್ವ ಅವನ ಹೊದಿಕೆ ಎಳೆದಳು. ಅವಳ ಮುಖ ಬಾತಿತ್ತು. "ಏಳ್ರಿ."

"ಬಿಡು. ನನಗ ಸಾಕಾಗೈತಿ."

"ನನಗೂ ಸಾಕಾಗೈತಿ. ಆದ್ರೂ ಸೂಜಿ ಚುಚ್ಚಿಸಿಗೋತೀನಿಲ್ಲ?" ಅವಳು ಉಸಿರು ತಗೊಂಡಳು. "ನೀವು ನನಗ ಕೊಡಾಕ ಆಗಲಿಲ್ಲ, ಹೋಗ್ಲಿ. ಇದ್ದದ್ದನ್ನ ನೀವರೆ ಉಳಿಸ್ಕೋರಿ. ನೀವೂ ಬಿದ್ರ ನನ್ನ ಕೈ ಹಿಡದು ಬಸ್ಸಿಗೆ ಹತ್ತಸವ್ರು ಯಾರು? ಸೋನಾಲಿ ತನ್ನ ಸಂಸಾರ ಬಿಟ್ಟು ಬರಬೇಕೇನು?"

ಅವನು ಎದ್ದು ಚಪ್ಪಲಿ ಹುಡುಕಿದ. ನೋಡಿದರೆ ಅವಳು ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲಲ್ಲಿ ನಿಂತಿದ್ದಳು.

"ನೀ ಎಲ್ಲಿಗೆ?"

"ಸ್ವಲ್ಪ ಸ್ವಲ್ಪ ನಡದ್ರ ನನಗೂ ಚಲೋ ಅಂತ ಡಾಕ್ಟರ್ ಹೇಳ್ಯಾರ. ಆದಷ್ಟು ದೂರ ಬರತೀನಿ."

ಇಬ್ಬರೂ ಹೊರಟರು. ಹಾಲಿನ ಡೇರಿಯ ಕಟ್ಟೆ ಬರುವುದರೊಳಗೆ ಅವಳು ಎರಡು ಸಲ ನಿಂತಳು. ಕಟ್ಟೆಯ ಮೇಲೆ ಕುಂತು, "ನೀವು ಹೋಗಿ ಬರ್ರಿ, ನಾ ಇಲ್ಲೇ ಇರತೀನಿ" ಅಂದಳು. ಅವನು ಜಾಲಿ ಗಿಡಗಳ ತಿರುವಿನವರೆಗೆ ನಡೆದ. ಮೊಣಕಾಲು ನೋಯುತ್ತಿದ್ದವು. ಬೆವರು ಒರೆಸಿಕೊಂಡು ತಿರುಗಿ ಬಂದಾಗ ಅವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಎಬ್ಬಿಸದೆ ಪಕ್ಕದಲ್ಲಿ ನಿಂತ. ಅವಳೇ ಕಣ್ಣು ಬಿಟ್ಟು ಕೈ ಚಾಚಿದಳು.

"ನಡೀರಿ. ಇವತ್ತು ದವಾಖಾನಿ ದಿವಸ. ಬಸ್ಸಿಗೆ ಹೊತ್ತಾತು."